ಹಲ್ಲುಜ್ಜುವ ವಿದ್ಯೆ

ಹಲ್ಲುಜ್ಜುವುದನ್ನು ಯಾರಾದರೂ ಕಾಲೇಜಿಗೆ ಹೋಗಿ ಕಲಿಯುತ್ತಾರೆಯೇ ಎಂದು ನಾಲ್ಕು ಜನ ಹೆಂಗಸರು ಸೇರಿದ ಕಡೆ ಕೇಳಿ ನೋಡಿ, ನಗು ಏಳುತ್ತದೆ. ಏಳಬೇಕಾದದ್ದೇ. ಬಚ್ಚಲೊಲೆಯ ಇದ್ದಿಲನ್ನು ಪುಡಿಮಾಡಿ, ಅದಕ್ಕೊಂದು ಚಿಟಿಕೆ ಉಪ್ಪು ಬೆರೆಸಿ, ತೋರುಬೆರಳಿಗೆ ಹಚ್ಚಿ ತಿಕ್ಕಿದವರ ಮೊಮ್ಮಕ್ಕಳು ನಾವು. ಹಿತ್ತಿಲಿನ ಬೇವಿನ ಕಡ್ಡಿಗೆ ಪಠ್ಯಪುಸ್ತಕ ಇರಲಿಲ್ಲ. ನನ್ನ ಬಾಲ್ಯದ ಹೊತ್ತಿಗೆ ನಂಜನಗೂಡು ಹಲ್ಲುಪುಡಿ ಮನೆಮನೆಗೆ ಬಂದಿತ್ತು. ಆ ಗುಲಾಬಿ ಬಣ್ಣದ ಪುಡಿಯನ್ನು ಅಂಗೈಗೆ ಹಾಕಿಸಿಕೊಂಡರೆ ಅರ್ಧ ಹಲ್ಲಿಗೆ, ಅರ್ಧ ನಾಲಿಗೆಗೆ ಎಂಬುದು ಮಕ್ಕಳ ಲೆಕ್ಕ.

ಆದರೆ ಅಮೆರಿಕದಲ್ಲಿ ಇದೊಂದು ಓದು. ಡೆಂಟಲ್ ಹೈಜೀನ್ ಎಂದು ಅದಕ್ಕೆ ಹೆಸರು. ಕಲಿತು, ಪರೀಕ್ಷೆ ಪಾಸು ಮಾಡಿ, ರಾಜ್ಯ ಸರ್ಕಾರದಿಂದ ಪರವಾನಗಿ ಪಡೆದವರು ಡೆಂಟಲ್ ಹೈಜಿನಿಸ್ಟ್. ಅಲ್ಲಿ ಹಲ್ಲಿನ ದವಾಖಾನೆಗೆ ಹೋದರೆ ಮೊದಲ ಮುಕ್ಕಾಲು ಗಂಟೆ ನಿಮ್ಮ ಬಾಯಿ ಈಕೆಯ ವಶದಲ್ಲಿರುತ್ತದೆ. ಡಾಕ್ಟರು ಕೊನೆಯಲ್ಲಿ ಐದು ನಿಮಿಷ ಬಂದು ಇಣುಕಿ, ಒಳ್ಳೆಯದು ಎಂದು ಹೇಳಿ ಹೋಗುತ್ತಾರೆ. ‘ಈಕೆ’ ಎಂದು ನಾನು ಬರೆದದ್ದು ಕೈತಪ್ಪಿ ಅಲ್ಲ. ಈ ಕೆಲಸದಲ್ಲಿರುವವರು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಹೆಂಗಸರೇ. ಅದು ತಾನಾಗಿ ಆದದ್ದಲ್ಲ, ಆರಂಭಿಸಿದವರೇ ಹಾಗೆ ಕಟ್ಟಿದ್ದು. ಸಮಾಜ ವಿಜ್ಞಾನ ಪಾಠ ಹೇಳುವ ನನ್ನಂಥವಳಿಗೆ ಹಲ್ಲಿಗಿಂತ ಈ ಕಟ್ಟುವಿಕೆಯ ಕಥೆಯೇ ಹೆಚ್ಚು ರುಚಿಸಿತು.

ಕನೆಕ್ಟಿಕಟ್ ರಾಜ್ಯದಲ್ಲಿ ಬ್ರಿಜ್‌ಪೋರ್ಟ್ ಎಂಬ ಊರಿದೆ. ಕಾರ್ಖಾನೆಗಳ ಊರು. ಅಲ್ಲಿ ಆಲ್ಫ್ರೆಡ್ ಸಿವಿಲಿಯನ್ ಫೋನ್ಸ್ ಎಂಬ ಹಲ್ಲಿನ ವೈದ್ಯರಿದ್ದರು. ತಂದೆಯೂ ಹಲ್ಲಿನ ವೈದ್ಯರೇ. ಆ ಕಾಲಕ್ಕೆ ಹಲ್ಲಿನ ವೈದ್ಯಕೀಯ ಎಂದರೆ ಕೊಳೆತದ್ದನ್ನು ಕೊರೆದು ತುಂಬುವುದು, ತುಂಬಲಾಗದ್ದನ್ನು ಕಿತ್ತು ಹಾಕುವುದು. ಫಿಲಡೆಲ್ಫಿಯಾದ ಡಿ. ಡಿ. ಸ್ಮಿತ್ ಎಂಬ ವೈದ್ಯರು ಬೇರೆಯೇ ಒಂದು ಮಾತು ಹೇಳುತ್ತಿದ್ದರು. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಹಲ್ಲಿನ ಮೇಲಿನ ಕೊಳೆಯನ್ನು ಪೂರ್ತಿಯಾಗಿ ತೆಗೆದು ನಯಗೊಳಿಸುತ್ತ ಬಂದರೆ ಹುಳುಕು ಬರುವುದೇ ಕಡಿಮೆಯಾಗುತ್ತದೆ ಎಂದು. ಫೋನ್ಸ್ ಅದನ್ನು ಕೇಳಿ ಬಂದು ತಮ್ಮ ರೋಗಿಗಳ ಮೇಲೆ ಪ್ರಯೋಗಿಸಿದರು. ಗುಣ ಕಂಡಿತು. ಕಷ್ಟವೂ ಕಂಡಿತು. ಒಬ್ಬೊಬ್ಬರ ಬಾಯಿಗೂ ಗಂಟೆಗಟ್ಟಲೆ ಹಿಡಿಯುವ ಕೆಲಸ ಅದು. ಅದನ್ನೇ ಮಾಡುತ್ತ ಕುಳಿತರೆ ಕೊರೆಯುವುದು, ತುಂಬುವುದು ಯಾವಾಗ?

ಅವರ ದವಾಖಾನೆಯಲ್ಲಿ ಸಹಾಯಕಿಯಾಗಿದ್ದವಳು ಐರೀನ್ ನ್ಯೂಮನ್. ಫೋನ್ಸರಿಗೆ ಸೋದರ ಸಂಬಂಧಿ. 1906 ರಲ್ಲಿ ಅವರು ಆಕೆಗೆ ಈ ಕೆಲಸ ಕಲಿಸಿದರು. ಮೊದಲು ಕಿತ್ತ ಹಲ್ಲುಗಳ ಮೇಲೆ ಅಭ್ಯಾಸ, ಆಮೇಲೆ ನಿಜವಾದ ಬಾಯಿ. 1907 ರ ಹೊತ್ತಿಗೆ ಐರೀನ್ ರೋಗಿಗಳ ಹಲ್ಲು ಶುಚಿ ಮಾಡುತ್ತಿದ್ದಳು. ಡಾಕ್ಟರಲ್ಲದ ಒಬ್ಬ ಹೆಂಗಸು ರೋಗಿಯ ಬಾಯಿಗೆ ಆಯುಧ ಹಾಕುವುದೆಂದರೆ ಉಳಿದ ಹಲ್ಲಿನ ವೈದ್ಯರು ಸುಮ್ಮನಿರುತ್ತಾರೆಯೇ? ಗೊಣಗಾಟ ಎದ್ದಿತು. ಅದಕ್ಕೆ ಫೋನ್ಸ್ ಕೊಟ್ಟ ಉತ್ತರವೇ ಒಂದು ಶಾಲೆ.

1913 ರ ನವೆಂಬರ್ 17 ರಂದು, ತಮ್ಮ ದವಾಖಾನೆಯ ಹಿಂದಿದ್ದ ಗಾಡಿಮನೆಯಲ್ಲಿ ಅವರು ಪಾಠ ಆರಂಭಿಸಿದರು. ಹೌದು, ಗಾಡಿ ನಿಲ್ಲಿಸುವ ಕೊಟ್ಟಿಗೆಯಲ್ಲಿ. ನಮ್ಮಲ್ಲಿ ಶಾಲೆಗಳು ಗುಡಿಯ ಜಗಲಿಯಲ್ಲಿ, ಛತ್ರದ ಮೂಲೆಯಲ್ಲಿ ಶುರುವಾದಂತೆಯೇ. ಕಟ್ಟಡ ಕೊಟ್ಟಿಗೆಯಾದರೂ ಪಾಠ ಹೇಳಲು ಬಂದವರು ಯೇಲ್, ಹಾರ್ವರ್ಡ್, ಕೊಲಂಬಿಯದಂಥ ದೊಡ್ಡ ವಿದ್ಯಾಲಯಗಳ ಪ್ರಾಧ್ಯಾಪಕರು. ಸೇರಿದ ಮೂವತ್ತಕ್ಕೂ ಹೆಚ್ಚು ಹೆಂಗಸರಲ್ಲಿ ನರ್ಸುಗಳಿದ್ದರು, ಹಲ್ಲಿನ ವೈದ್ಯರ ಹೆಂಡತಿಯರಿದ್ದರು, ಅವರ ಸಹಾಯಕಿಯರಿದ್ದರು, ಶಾಲಾ ಶಿಕ್ಷಕಿಯರೂ ಇದ್ದರು. ಕೊನೆಯ ಹೆಸರನ್ನು ಓದಿದಾಗ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು. ಸ್ಲೇಟು ಬಳಪ ಪಕ್ಕಕ್ಕಿಟ್ಟು ಹೊಸದೊಂದನ್ನು ಕಲಿಯಲು ಆ ಕೊಟ್ಟಿಗೆಯ ಮೆಟ್ಟಿಲು ಹತ್ತಿದ ಟೀಚರಮ್ಮನಿಗೆ ಎಷ್ಟು ವಯಸ್ಸಾಗಿತ್ತೋ! 1914 ರ ಜೂನ್‌ನಲ್ಲಿ 27 ಮಂದಿ ಓದು ಮುಗಿಸಿದರು.

ಅಂದಹಾಗೆ, ನಂಜನಗೂಡಿನಲ್ಲಿ ಬಿ. ವಿ. ಪಂಡಿತರು ಸದ್ವೈದ್ಯಶಾಲೆಯನ್ನು ಆರಂಭಿಸಿದ್ದೂ ಇದೇ 1913 ರಲ್ಲಿ. ಎರಡಕ್ಕೂ ಸಂಬಂಧವೇನೂ ಇಲ್ಲ. ಭೂಮಿಯ ಆ ಕಡೆ ಒಬ್ಬರು ಹಲ್ಲಿಗಾಗಿ ಶಾಲೆ ತೆರೆದ ವರ್ಷವೇ ಈ ಕಡೆ ನಮ್ಮ ಹಲ್ಲುಪುಡಿಯ ಮನೆಯೂ ಹುಟ್ಟಿತು, ಅಷ್ಟೇ. ಇಸವಿಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ ಅಭ್ಯಾಸವಾದವರಿಗೆ ಇಂಥವು ಕಣ್ಣಿಗೆ ಬೀಳುತ್ತವೆ.

ಓದು ಮುಗಿಸಿದವರಲ್ಲಿ ಹಲವರಿಗೆ ಕೆಲಸ ಸಿಕ್ಕಿದ್ದು ಬ್ರಿಜ್‌ಪೋರ್ಟಿನ ಶಾಲೆಗಳಲ್ಲಿ. ಊರಿನ ಶಿಕ್ಷಣ ಮಂಡಳಿಯೇ ಅವರನ್ನು ನೇಮಿಸಿಕೊಂಡಿತು. ವಲಸೆ ಬಂದ ಕಾರ್ಮಿಕರ ಮಕ್ಕಳೇ ಹೆಚ್ಚಾಗಿದ್ದ ಶಾಲೆಗಳವು. ಮಡಚುವ ಕುರ್ಚಿ, ಉಪಕರಣದ ಪೆಟ್ಟಿಗೆ ಹಿಡಿದುಕೊಂಡು ಬಂದು ಶಾಲೆಯ ಒಂದು ಮೂಲೆಯಲ್ಲಿ ಬಿಡಾರ ಹೂಡುವುದು, ಒಂದನೆಯ ಎರಡನೆಯ ತರಗತಿಯ ಮಕ್ಕಳಿಂದ ಆರಂಭಿಸಿ ಒಬ್ಬೊಬ್ಬರನ್ನೇ ಕೂರಿಸಿ ಹಲ್ಲು ಶುಚಿ ಮಾಡುವುದು, ಡ್ರಿಲ್ ಮಾಡಿಸುವ ಹಾಗೆ ಇಡೀ ತರಗತಿಯನ್ನು ನಿಲ್ಲಿಸಿ ಬ್ರಷ್ ಹಿಡಿಯುವುದನ್ನು ಕಲಿಸುವುದು, ತಾಯಂದಿರಿಗೆ ಹೇಳಿ ಕಳಿಸುವುದು. ಚಿಕ್ಕ ತರಗತಿಗಳನ್ನೇ ಹಿಡಿದದ್ದರಲ್ಲಿ ಒಂದು ಜಾಣತನವಿದೆ. ಆರು ವರ್ಷದ ಸುಮಾರಿಗೆ, ಹಾಲುಹಲ್ಲು ಒಂದೂ ಬೀಳುವ ಮೊದಲೇ, ಎಲ್ಲಕ್ಕೂ ಹಿಂದೆ ಒಂದು ದವಡೆ ಹಲ್ಲು ಸದ್ದಿಲ್ಲದೆ ಹುಟ್ಟುತ್ತದೆ. ಅದು ಶಾಶ್ವತದ ಹಲ್ಲು. ಯಾವ ಹಲ್ಲೂ ಬಿದ್ದು ಜಾಗ ಮಾಡಿಕೊಡದ ಕಾರಣ ತಾಯಂದಿರು ಅದನ್ನೂ ಹಾಲುಹಲ್ಲೆಂದೇ ತಿಳಿದು, ಹುಳುಕಾದರೆ ಬೀಳುತ್ತದೆ ಬಿಡು, ಮತ್ತೆ ಬರುತ್ತದೆ ಎಂದು ಸುಮ್ಮನಾಗುತ್ತಾರೆ. ಮತ್ತೆ ಬರುವುದಿಲ್ಲ. ಈ ಒಂದು ವಿಷಯವನ್ನು ನಮ್ಮ ಶಾಲೆಯ ತಾಯಂದಿರ ಸಭೆಯಲ್ಲಿ ಹೇಳಿದಾಗ ಎಷ್ಟು ಜನ ಬಾಯಿಮೇಲೆ ಕೈಯಿಟ್ಟುಕೊಂಡರು ಎನ್ನುತ್ತೀರಿ!

ಹೆಸರಿನ ವಿಚಾರವೂ ಸ್ವಾರಸ್ಯದ್ದೇ. ಈ ಹೆಂಗಸರನ್ನು ಡೆಂಟಲ್ ನರ್ಸ್ ಎಂದು ಕರೆಯೋಣ ಎಂದವರಿದ್ದರು. ಫೋನ್ಸ್ ಒಪ್ಪಲಿಲ್ಲ. ನರ್ಸ್ ಎಂದೊಡನೆ ಜನಕ್ಕೆ ಕಾಯಿಲೆ ನೆನಪಾಗುತ್ತದೆ, ಇವರ ಕೆಲಸ ಕಾಯಿಲೆ ಬಾರದಂತೆ ಕಾಯುವುದು ಎಂದು ಅವರ ವಾದ. ಆರೋಗ್ಯದ ದೇವತೆ ಹೈಜಿಯಾ ಎಂಬವಳು ಗ್ರೀಕರ ಪುರಾಣದಲ್ಲಿದ್ದಾಳೆ. ಹೈಜೀನ್ ಎಂಬ ಮಾತಿನ ಬೇರು ಅಲ್ಲಿಯದು. ನಮ್ಮಲ್ಲಿ ಇದಕ್ಕೆ ದಂತ ನೈರ್ಮಲ್ಯ ಎನ್ನುತ್ತಾರೆ. ನೈರ್ಮಲ್ಯ ಎಂದರೆ ನಮ್ಮ ಕಿವಿಗೆ ಪುರಸಭೆ, ಚರಂಡಿ ನೆನಪಾಗುತ್ತದೆ, ದೇವತೆ ನೆನಪಾಗುವುದಿಲ್ಲ. ಈ ವ್ಯತ್ಯಾಸ ಮುಂದೆ ಒಂದು ಮನೆಯ ಜಗಳಕ್ಕೂ ಕಾರಣವಾದದ್ದನ್ನು ಹೇಳುತ್ತೇನೆ.

ಫೋನ್ಸ್ ಹೆಂಗಸರನ್ನೇ ಏಕೆ ಆರಿಸಿದರು? ತಾಳ್ಮೆ, ಮೃದುವಾದ ಕೈ, ಮಕ್ಕಳೊಡನೆ ಬೆರೆಯುವ ಗುಣ ಎಂದೆಲ್ಲ ಹೇಳಿದ್ದರಲ್ಲಿ ವಿಶೇಷವಿಲ್ಲ. ಆದರೆ ಅವರು ಇನ್ನೊಂದು ಕಾರಣವನ್ನೂ ಮುಚ್ಚುಮರೆ ಇಲ್ಲದೆ ಕೊಟ್ಟಿದ್ದಾರೆ. ಗಂಡಸಿಗೆ ಈ ಒಂದೇ ಕೆಲಸದಲ್ಲಿ ತೃಪ್ತಿಯಿರುವುದಿಲ್ಲ, ಹೆಂಗಸು ಇಷ್ಟಕ್ಕೇ ತನ್ನನ್ನು ಕಟ್ಟಿಹಾಕಿಕೊಂಡು ಮಾಡುತ್ತಾಳೆ ಎಂಬುದು ಅದರ ಸಾರ. ಅಂದರೆ ಇವಳು ನಾಳೆ ಡಾಕ್ಟರಿಗೆ ಪೈಪೋಟಿಯಾಗಿ ಪಕ್ಕದಲ್ಲಿ ಬೋರ್ಡು ಹಾಕಲಾರಳು. ಮನುಷ್ಯ ದೊಡ್ಡವರು, ಅನುಮಾನವಿಲ್ಲ. ಸಾವಿರಾರು ಹೆಂಗಸರಿಗೆ ಗೌರವದ ಅನ್ನ ಹುಟ್ಟಿಸಿಕೊಟ್ಟವರು. ಬಾಗಿಲು ತೆರೆದ ಕೈಯೇ ಒಳಗಿನ ಕೋಣೆಗೆ ಬೀಗವನ್ನೂ ಹಾಕಿತು ಎಂಬುದು ಮಾತ್ರ ನಿಜ. ಆ ಬೀಗದ ಸುತ್ತಲೇ ಮುಂದಿನ ನೂರು ವರ್ಷದ ಕಥೆ ಸುತ್ತುತ್ತದೆ.

1915 ರಲ್ಲಿ ಕನೆಕ್ಟಿಕಟ್ ಈ ವೃತ್ತಿಗೆ ಕಾನೂನಿನ ಮನ್ನಣೆ ಕೊಟ್ಟಿತು. 1917 ರಲ್ಲಿ ಮೊದಲ ಪರವಾನಗಿ ಐರೀನ್ ನ್ಯೂಮನ್‌ಗೇ ಸಿಕ್ಕಿತು. 1916 ರಲ್ಲಿ ನ್ಯೂಯಾರ್ಕಿನ ಕೊಲಂಬಿಯದಲ್ಲಿ, ಬೋಸ್ಟನ್ನಿನ ಫೋರ್ಸೈತ್‌ನಲ್ಲಿ ಶಾಲೆಗಳಾದವು. 1923 ರಲ್ಲಿ ಈ ಹೆಂಗಸರು ಸೇರಿ ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಗಂಡಸರಿಗೆ ಅಲ್ಲಿ ಪ್ರವೇಶ ದೊರೆತದ್ದು 1960 ರ ದಶಕದಲ್ಲಿ. ಜಾಕ್ ಓರಿಯೊ ಎಂಬಾತ 1965 ರಲ್ಲಿ ನ್ಯೂಮೆಕ್ಸಿಕೋ ವಿಶ್ವವಿದ್ಯಾಲಯದಿಂದ ತೇರ್ಗಡೆಯಾಗಿ ಮೊದಲ ಗಂಡು ಹೈಜಿನಿಸ್ಟ್ ಎನಿಸಿದ. ಹೆಂಗಸರ ಕೆಲಸಕ್ಕೆ ಗಂಡಸು ಕಾಲಿಟ್ಟದ್ದು ಸುದ್ದಿಯಾಗುವ ಇಂಥ ಸಂದರ್ಭಗಳು ಚರಿತ್ರೆಯಲ್ಲಿ ಕಡಿಮೆ. ಇರಲಿ, ಬಂದಾಗ ಸಂತೋಷಪಡೋಣ.

ಬೀಗದ ಮಾತಿಗೆ ಬರುತ್ತೇನೆ. ನ್ಯೂಜಿಲೆಂಡಿನವರು 1921 ರಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಲು ಬಂದ ಹುಡುಗರ ಹಲ್ಲು ನೋಡಿ ಅಧಿಕಾರಿಗಳು ಗಾಬರಿಯಾಗಿದ್ದರು. ಅವರು ವೆಲ್ಲಿಂಗ್ಟನ್‌ನಲ್ಲಿ ಶಾಲಾ ದಂತ ದಾದಿಯರ ತರಬೇತಿ ಆರಂಭಿಸಿದರು. ಈ ದಾದಿಯರು ಶುಚಿ ಮಾಡುವುದಷ್ಟೇ ಅಲ್ಲ, ಮಕ್ಕಳ ಹುಳುಕು ಹಲ್ಲು ಕೊರೆದು ತುಂಬುತ್ತಿದ್ದರು, ಕೀಳುತ್ತಿದ್ದರು. ಶಾಲೆಯ ಅಂಗಳದಲ್ಲೇ ದವಾಖಾನೆ. ಮಕ್ಕಳು ಅದಕ್ಕೆ ‘ಕೊಲೆಮನೆ’ ಎಂದು ಅಡ್ಡಹೆಸರಿಟ್ಟಿದ್ದರಂತೆ. ಮಕ್ಕಳು ಎಲ್ಲ ದೇಶದಲ್ಲೂ ಒಂದೇ. ಕೊಲೆಮನೆಯಾದರೂ ಹಳ್ಳಿಯ ಮಕ್ಕಳಿಗೂ ಹಲ್ಲಿನ ಚಿಕಿತ್ಸೆ ಸಿಕ್ಕಿತು, ಮುಂದೆ ಅನೇಕ ದೇಶಗಳು ಆ ಮಾದರಿಯನ್ನು ಹಿಡಿದವು.

ಇದನ್ನು ನೋಡಿ 1949 ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯವೂ ಒಂದು ಕಾಯಿದೆ ಮಾಡಿತು. ಫೋರ್ಸೈತ್ ಸಂಸ್ಥೆಯಲ್ಲಿ ಹೆಂಗಸರಿಗೆ ಮಕ್ಕಳ ಹಲ್ಲು ಕೊರೆದು ತುಂಬುವುದನ್ನು ಕಲಿಸಿ ನೋಡೋಣ ಎಂಬ ಪ್ರಯೋಗ. ಹಲ್ಲಿನ ವೈದ್ಯರ ಸಂಘಗಳು ಎದ್ದು ನಿಂತವು. 1950 ರಲ್ಲೇ ಕಾಯಿದೆ ರದ್ದಾಯಿತು. 1970 ರ ದಶಕದಲ್ಲಿ ಅದೇ ಸಂಸ್ಥೆ ಮತ್ತೊಮ್ಮೆ ಹೈಜಿನಿಸ್ಟ್‌ಗಳಿಗೆ ಆ ಕೆಲಸ ಕಲಿಸಿತು, ಅವರು ಚೆನ್ನಾಗಿಯೇ ಮಾಡಿ ತೋರಿಸಿದರು, ಮತ್ತೆ ನಿಲ್ಲಿಸಲಾಯಿತು. ಕೈಗೆ ವಿದ್ಯೆ ಬಂದಿದೆಯೋ ಇಲ್ಲವೋ ಎಂಬುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಬೀಗ ಕೊಂಚ ಕೊಂಚವಾಗಿ ಸಡಿಲಿದ್ದು ಆಮೇಲೆ. 1971 ರಲ್ಲಿ ವಾಷಿಂಗ್ಟನ್ ರಾಜ್ಯ ಇವರಿಗೆ ಜೋಮು ಹಿಡಿಸುವ ಚುಚ್ಚುಮದ್ದು ಕೊಡಲು ಅನುಮತಿಸಿತು. 1986 ರಲ್ಲಿ ಕೊಲರಾಡೊ ರಾಜ್ಯ, ಡಾಕ್ಟರ ಮೇಲ್ವಿಚಾರಣೆ ಇಲ್ಲದೆ ತಮ್ಮದೇ ಬೋರ್ಡು ಹಾಕಿಕೊಂಡು ಶುಚಿ ಮಾಡುವ ಕೆಲಸ ನಡೆಸಬಹುದು ಎಂದಿತು. ಫೋನ್ಸರು ಬೇಡವೆಂದಿದ್ದ ಬೋರ್ಡು ಎಪ್ಪತ್ತು ವರ್ಷ ಕಳೆದ ಮೇಲೆ ಒಂದು ರಾಜ್ಯದಲ್ಲಿ ತೂಗಿತು.

ಈಗ ಆ ಓದು ಸಿಗುವ ಜಾಗದ ಬಗ್ಗೆ ಹೇಳಬೇಕು, ಏಕೆಂದರೆ ನಮ್ಮಲ್ಲಿ ಅದಕ್ಕೆ ಸಮನಾದದ್ದಿಲ್ಲ. ಕಮ್ಯುನಿಟಿ ಕಾಲೇಜು ಎಂದರೆ ಊರಿನವರ ತೆರಿಗೆಯ ಹಣದಿಂದ ನಡೆಯುವ, ಎರಡು ವರ್ಷದ ಪದವಿಯ ಕಾಲೇಜು. 1901 ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಮೊದಲನೆಯದು ಆರಂಭವಾಯಿತು. ಆಗ ಅದನ್ನು ಜೂನಿಯರ್ ಕಾಲೇಜು ಎನ್ನುತ್ತಿದ್ದರು. 1947 ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗವೊಂದು ಇಂಥ ಕಾಲೇಜುಗಳು ದೇಶದ ಉದ್ದಗಲಕ್ಕೂ ಬೇಕು ಎಂದು ವರದಿ ಕೊಟ್ಟಿತು, ಕಮ್ಯುನಿಟಿ ಕಾಲೇಜು ಎಂಬ ಹೆಸರು ಬಳಕೆಗೆ ಬಂತು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಇವು ಬೆಳೆದಂತೆ ಹೈಜೀನ್ ಓದು ದೊಡ್ಡ ವಿಶ್ವವಿದ್ಯಾಲಯಗಳಿಂದ ಇಳಿದು ಇಲ್ಲಿಗೆ ಬಂತು. ಇಂದು ಆ ದೇಶದಲ್ಲಿ ಮುನ್ನೂರಕ್ಕೂ ಹೆಚ್ಚು ಕಡೆ ಈ ಓದಿದೆ, ಹೆಚ್ಚಿನವು ಎರಡು ವರ್ಷದ ಪದವಿಯವೇ. ಈ ಕಾಲೇಜುಗಳಿಗೆ ಹದಿನೆಂಟರ ಹುಡುಗಿಯೂ ಬರುತ್ತಾಳೆ, ಮಕ್ಕಳನ್ನು ಶಾಲೆಗೆ ಬಿಟ್ಟು ನಲವತ್ತರ ತಾಯಿಯೂ ಬರುತ್ತಾಳೆ. ಓದುವ ವಯಸ್ಸು ಮುಗಿಯಿತು ಎಂಬ ಮಾತು ಆ ಆವರಣದಲ್ಲಿ ಇಲ್ಲವಂತೆ. ಈ ಒಂದು ಕಾರಣಕ್ಕೆ ನನಗೆ ಅವರ ಮೇಲೆ ಹೊಟ್ಟೆಕಿಚ್ಚಿದೆ.

ನಮ್ಮ ಬೀದಿಯ ಒಂದು ಮನೆಯ ಮಗಳು ಹೀಗೆ ಸೇರಿದವಳು. ಅವಳ ಕಥೆಯನ್ನು ಅವಳ ತಾಯಿಯೂ ಅವಳೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ, ಹೆಸರಿಲ್ಲದೆ. ದಾವಣಗೆರೆಯಲ್ಲಿ ಬಿಡಿಎಸ್ ಓದಿದ ಹುಡುಗಿ. ನಾಲ್ಕು ವರ್ಷ ಓದು, ಒಂದು ವರ್ಷ ಹೌಸ್ ಸರ್ಜನ್. ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಹೋದಳು. ಹೋದ ಮೇಲೆ ತಿಳಿಯಿತು, ಇಲ್ಲಿಯ ಡಾಕ್ಟರಿಕೆ ಅಲ್ಲಿ ನಡೆಯುವುದಿಲ್ಲ. ಮತ್ತೆ ಅಲ್ಲಿಯ ದಂತ ಕಾಲೇಜು ಸೇರಿ ಎರಡು ಮೂರು ವರ್ಷ ಓದಬೇಕು, ಅದಕ್ಕೆ ತಗಲುವುದು ಒಂದು ಲಕ್ಷ ಡಾಲರಿಗೂ ಮೇಲೆ. ಮೇಲಾಗಿ ಗಂಡನನ್ನು ಅವಲಂಬಿಸಿ ಹೋದವರ ವೀಸಾದಲ್ಲಿ ಓದಬಹುದು, ದುಡಿಯುವಂತಿಲ್ಲ. 2015 ರಿಂದ, ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದ್ದರೆ ಅಂಥ ಹೆಂಡತಿಯರಿಗೂ ಕೆಲಸದ ಅನುಮತಿ ಸಿಗುವಂತಾಯಿತು. ಹಲ್ಲಿನ ಡಾಕ್ಟರಮ್ಮ ಕೆಲವು ವರ್ಷ ಅನ್ನ ಸಾರು ಮಾಡಿಕೊಂಡು, ಕಿಟಕಿ ನೋಡಿಕೊಂಡು ಕೂತಳು. ಫೋನಿನಲ್ಲಿ ಮಾತಾಡುವಾಗ ತಾಯಿ ಕೇಳುತ್ತಿದ್ದದ್ದು ಮೊಮ್ಮಗುವಿನ ಸುದ್ದಿ, ಕೇಳದೆ ಬಿಡುತ್ತಿದ್ದದ್ದು ಇವಳ ಸುದ್ದಿ.

ಒಂದು ದಿನ ಅವಳು ಕಮ್ಯುನಿಟಿ ಕಾಲೇಜಿಗೆ ಸೇರುತ್ತೇನೆ ಎಂದಳು. ಫ್ಲೋರಿಡಾ ರಾಜ್ಯದಲ್ಲಿ ಹೊರದೇಶದ ದಂತ ವೈದ್ಯರು ಈ ಓದಿಲ್ಲದೆಯೇ ಹೈಜಿನಿಸ್ಟ್ ಪರೀಕ್ಷೆಗೆ ಕೂರಬಹುದು. ಇವಳಿದ್ದ ರಾಜ್ಯದಲ್ಲಿ ಹಾಗಿಲ್ಲ, ಮೊದಲಿನಿಂದ ಕಲಿಯಬೇಕು. ತಾಯಿ ನಮ್ಮ ಮನೆಗೆ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ನೀವೇ ಹೇಳಿ ಟೀಚರೇ, ಡಾಕ್ಟ್ರು ಓದಿದವಳು ಇನ್ನೊಬ್ಬ ಡಾಕ್ಟ್ರ ಕೈಕೆಳಗೆ ಜನರ ಹಲ್ಲು ತೊಳೆಯೋಕೆ ಹೋಗ್ತಾಳಂತೆ. ಬೀಗರಿಗೆ ಏನಂತ ಹೇಳಲಿ?” ನಾನು “ಅಕ್ಕ, ನೀವು ಐದು ವರ್ಷದಿಂದ ಅವಳು ಮನೇಲಿ ಕೂತಿದ್ದಾಳೆ ಅಂತ ಬೀಗರಿಗೆ ಏನಂತ ಹೇಳ್ತಿದ್ರಿ?” ಎಂದೆ. ಅವರು ಉತ್ತರ ಕೊಡಲಿಲ್ಲ, ಕಾಫಿ ಕುಡಿದು ಹೋದರು. ತೊಳೆಯುವ, ಗುಡಿಸುವ, ಉಜ್ಜುವ ಕೆಲಸವೆಂದರೆ ನಮ್ಮ ನಾಡಿನಲ್ಲಿ ಅದು ಯಾರದ್ದು ಎಂದು ಹುಟ್ಟಿನಲ್ಲೇ ನಿಗದಿಯಾಗಿ ಹೋಗಿದೆ. ಆ ಅಕ್ಕನ ಕಣ್ಣೀರಿನಲ್ಲಿ ಮಗಳ ಸಂಕಟ ಎಷ್ಟು, ಈ ಹಳೆಯ ಹೇಸಿಗೆ ಎಷ್ಟು ಎಂದು ಬೇರೆ ಮಾಡುವುದು ನನ್ನಿಂದಾಗದು.

ಸೇರುವುದೂ ಸಲೀಸಲ್ಲ. ಎರಡು ವರ್ಷದ ಪದವಿ ಎಂದು ಹೆಸರು, ಅದಕ್ಕೆ ಮೊದಲು ಶರೀರ ರಚನೆ, ಶರೀರ ಕ್ರಿಯೆ, ರಸಾಯನ ಶಾಸ್ತ್ರ, ಸೂಕ್ಷ್ಮಜೀವಿ ಶಾಸ್ತ್ರ ಇವನ್ನೆಲ್ಲ ಓದಿ ಒಳ್ಳೆಯ ಅಂಕ ತೆಗೆದಿರಬೇಕು. ಅದಕ್ಕೇ ಒಂದೆರಡು ವರ್ಷ. ಒಂದೊಂದು ಕಾಲೇಜಿನಲ್ಲೂ ಇಪ್ಪತ್ತೋ ಮೂವತ್ತೋ ಸೀಟು, ಕಾದಿರುವವರು ಬಹಳ. ಶುಲ್ಕ ಮಾತ್ರ ಕೈಗೆಟಕುವಂಥದು. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ 2012 ರಿಂದ ಒಂದು ಯೂನಿಟ್ಟಿಗೆ 46 ಡಾಲರ್. ಉಪಕರಣಗಳ ಪೆಟ್ಟಿಗೆ, ಕಣ್ಣಿಗೆ ಹಾಕಿಕೊಳ್ಳುವ ಭೂತಗನ್ನಡಿ, ಪರೀಕ್ಷೆಯ ಶುಲ್ಕ ಇವು ಸೇರಿ ಹೊರೆಯಾಗುತ್ತದೆ. ಕೊನೆಗೆ ರಾಷ್ಟ್ರಮಟ್ಟದ ಲಿಖಿತ ಪರೀಕ್ಷೆ ಇದೆ, ಕೈಕೆಲಸದ ಪರೀಕ್ಷೆ ಇದೆ, ರಾಜ್ಯದ ಪರವಾನಗಿ ಇದೆ. ಅಲ್ಲಿಯ ಫುಟ್‌ಹಿಲ್ ಕಾಲೇಜಿನಂಥ ಒಂದೆರಡು ಕಮ್ಯುನಿಟಿ ಕಾಲೇಜುಗಳು 2014 ರ ರಾಜ್ಯ ಕಾಯಿದೆಯ ಬಲದಿಂದ ಇದೇ ವಿಷಯದಲ್ಲಿ ನಾಲ್ಕು ವರ್ಷದ ಪದವಿಯನ್ನೂ ಕೊಡತೊಡಗಿದವು.

“ಆಂಟಿ, ಬಿಡಿಎಸ್‌ನಲ್ಲಿ ಕಲಿತಿದ್ದನ್ನೇ ಮತ್ತೆ ಕಲಿಯೋದಲ್ವಾ ಅಂದ್ಕೊಂಡಿದ್ದೆ” ಎಂದು ಅವಳು ಊರಿಗೆ ಬಂದಾಗ ಹೇಳಿದಳು. ಕಾಲೇಜಿನಲ್ಲಿ ರೋಗಿಗಳ ಸಾಲು ದೊಡ್ಡದಿರುವ ನಮ್ಮಲ್ಲಿ ಕಿಟ್ಟ ತೆಗೆಯುವುದು ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಅಲ್ಲಿ ಒಂದೊಂದು ಹಲ್ಲಿನ ಸುತ್ತಲೂ ಆರು ಕಡೆ, ಹಲ್ಲಿಗೂ ವಸಡಿಗೂ ನಡುವಿನ ಸಂದಿನ ಆಳವನ್ನು ಗೀಟು ಹಾಕಿದ ಕಡ್ಡಿಯಿಂದ ಅಳೆದು ಬರೆದುಕೊಳ್ಳಬೇಕು. ಮೂರು ಮಿಲಿಮೀಟರಿನ ಒಳಗಿದ್ದರೆ ಆರೋಗ್ಯ, ನಾಲ್ಕು ಐದು ಎಂದರೆ ಒಳಗೆ ಏನೋ ನಡೆಯುತ್ತಿದೆ ಎಂದು ಅರ್ಥ. ಬತ್ತೀಸ ಹಲ್ಲಿಗೆ ನೂರ ತೊಂಬತ್ತೆರಡು ಅಂಕೆ! ಉಂಡ ಮೇಲೆ ಹಲ್ಲಿನ ಮೇಲೆ ಪಾಚಿಯಂಥ ಪೊರೆ ಕಟ್ಟುತ್ತದೆ. ಅದನ್ನು ಬ್ರಷ್ಷಿನಿಂದಲೇ ತೆಗೆಯಬಹುದು. ಬಿಟ್ಟರೆ ಎಂಜಲಿನ ಸುಣ್ಣ ಸೇರಿ ಗಾರೆಯಂತೆ ಗಟ್ಟಿಯಾಗುತ್ತದೆ, ಆಮೇಲೆ ಬೇವಿನಕಡ್ಡಿಗೂ ಬಗ್ಗುವುದಿಲ್ಲ, ಯಾವ ಪುಡಿಗೂ ಬಗ್ಗುವುದಿಲ್ಲ. ಅದರ ಸುತ್ತ ವಸಡು ಊದಿ, ರಕ್ತ ಬಂದು, ಒಳಗಿನ ಎಲುಬು ಸವೆದು, ಹುಳುಕೇ ಇಲ್ಲದ ಹಲ್ಲು ಅಲ್ಲಾಡಿ ಬೀಳುತ್ತದೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ನಮ್ಮಲ್ಲಿ ದೊಡ್ಡ ಹೆದರಿಕೆ. ಸಡಿಲವಾಗಿದ್ದದ್ದು ಮೊದಲೇ, ಗಾರೆ ಅದನ್ನು ಹಿಡಿದು ನಿಲ್ಲಿಸಿತ್ತು. ಗಾರೆ ತೆಗೆದಾಗ ಸಂದು ಕಂಡು, ಡಾಕ್ಟರೇ ಹಾಳು ಮಾಡಿದರು ಎನ್ನುತ್ತೇವೆ.

ಸಂಪಾದನೆ ಏನು ಎಂದು ನೀವು ಕೇಳುತ್ತೀರಿ, ಕೇಳಬೇಕಾದದ್ದೇ. ಅಮೆರಿಕದ ಕಾರ್ಮಿಕ ಇಲಾಖೆಯ 2023 ರ ಲೆಕ್ಕದಂತೆ ಹೈಜಿನಿಸ್ಟ್‌ಗಳ ನಡುಮಟ್ಟದ ವಾರ್ಷಿಕ ಗಳಿಕೆ 87 ಸಾವಿರ ಡಾಲರಿಗೂ ಸ್ವಲ್ಪ ಹೆಚ್ಚು. ಅರ್ಧ ಜನಕ್ಕೆ ಅದಕ್ಕಿಂತ ಜಾಸ್ತಿ, ಅರ್ಧ ಜನಕ್ಕೆ ಕಡಿಮೆ ಎಂದು ಅರ್ಥ. ಎರಡು ವರ್ಷದ ಪದವಿಗೆ ಅಲ್ಲಿ ಇದು ಬಹಳ ಒಳ್ಳೆಯ ಗಳಿಕೆ. ಎರಡು ಲಕ್ಷಕ್ಕೂ ಹೆಚ್ಚು ಹುದ್ದೆಗಳಿವೆ, ಇನ್ನೂ ಬೇಕು ಎನ್ನುತ್ತಾರೆ. 2020 ರ ಕೊರೋನಾದಲ್ಲಿ ದವಾಖಾನೆಗಳು ಮುಚ್ಚಿದಾಗ ಮನೆಗೆ ಹೋದ ಕೆಲವರು ಮರಳಲೇ ಇಲ್ಲ. ರೋಗಿಯ ಬಾಯಿಯ ಗಾಳಿಗೆ ಮುಖ ಒಡ್ಡಿ ಮಾಡುವ ಕೆಲಸವಲ್ಲವೇ? ಆದರೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಬಹಳ ಜನಕ್ಕೆ ಸಿಗುವುದು ವಾರಕ್ಕೆ ಎರಡು ಮೂರು ದಿನದ ಕೆಲಸ, ಸೋಮವಾರ ಒಬ್ಬ ಡಾಕ್ಟರಲ್ಲಿ, ಬುಧವಾರ ಇನ್ನೊಬ್ಬರಲ್ಲಿ. ಹಾಗೆ ಮಾಡುವವರಿಗೆ ರಜೆ, ಆರೋಗ್ಯ ವಿಮೆ ಸಿಗುವುದು ಅನುಮಾನ. ದಿನವಿಡೀ ಬಾಗಿ ಕೂತು, ಬೆರಳ ತುದಿಯಲ್ಲಿ ಬಲ ಹಾಕಿ ಕೆರೆಯುವುದರಿಂದ ಕತ್ತು, ಭುಜ, ಮಣಿಕಟ್ಟು ಹಿಡಿದುಕೊಳ್ಳುತ್ತವೆ. ರೊಟ್ಟಿ ತಟ್ಟಿ, ಬಟ್ಟೆ ಹಿಂಡಿ ಮಣಿಕಟ್ಟು ನೋಯಿಸಿಕೊಂಡವರಿಗೆ ಈ ಮಾತು ವಿವರಿಸಬೇಕಾಗಿಲ್ಲ. ಹೈಜಿನಿಸ್ಟ್ ಆಗಿ ಸೇರಿದವಳು ಇಪ್ಪತ್ತು ವರ್ಷ ಕಳೆದರೂ ಹೈಜಿನಿಸ್ಟೇ. ಮೇಲಕ್ಕೆ ಹತ್ತಲು ಮೆಟ್ಟಿಲು ಕಡಿಮೆ. ಫೋನ್ಸರ ಬೀಗದ ಸದ್ದು ಇಲ್ಲಿಯೂ ಕೇಳುತ್ತದೆ.

ಅವಳು ಈಗ ವಾರಕ್ಕೆ ನಾಲ್ಕು ದಿನ ದುಡಿಯುತ್ತಾಳೆ. ಗಂಟೆಗೆ ಐವತ್ತು ಡಾಲರಿಗೂ ಮೇಲೆ ಸಿಗುತ್ತದೆ. ಅವಳ ಮೇಲಿನ ಡಾಕ್ಟರು ಅವಳಿಗಿಂತ ಆರು ವರ್ಷ ಚಿಕ್ಕವನು. ಬೇಜಾರಾಗುವುದಿಲ್ಲವೇ ಎಂದು ಕೇಳಿದೆ. “ಆಗುತ್ತೆ ಆಂಟಿ. ಎಕ್ಸ್‌ರೇ ನೋಡಿದ ಕೂಡಲೇ ನಂಗೆ ಏನಂತ ಗೊತ್ತಾಗುತ್ತೆ, ಆದರೆ ಹೆಸರಿಟ್ಟು ಹೇಳೋ ಹಾಗಿಲ್ಲ, ಅವನು ಬಂದು ಹೇಳಬೇಕು” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಆದರೆ ಸಂಬಳದ ಚೀಟಿ ನನ್ನ ಹೆಸರಿಗೆ ಬರುತ್ತೆ” ಎಂದಳು. ಅವಳ ತಾಯಿ ಈಗ ಮಗಳು ಅಮೆರಿಕದಲ್ಲಿ ಡೆಂಟಲ್‌ನಲ್ಲಿದ್ದಾಳೆ ಎಂದು ಹೇಳುತ್ತಾರೆ. ಯಾರೂ ಮುಂದಕ್ಕೆ ಕೆದಕುವುದಿಲ್ಲ.

ನಮ್ಮ ದೇಶದಲ್ಲಿ ಈ ವೃತ್ತಿಯೇ ಇಲ್ಲವೇನೋ ಎಂದು ತಿಳಿಯಬೇಡಿ. ಸ್ವಾತಂತ್ರ್ಯ ಬಂದ ಮರುವರ್ಷ, 1948 ರಲ್ಲಿ ಆದ ದಂತವೈದ್ಯರ ಕಾಯಿದೆಯಲ್ಲೇ ಡೆಂಟಲ್ ಹೈಜಿನಿಸ್ಟ್ ಎಂದರೆ ಯಾರು ಎಂದು ಬರೆದಿದೆ. ಹಲ್ಲಿನ ಕಿಟ್ಟ ತೆಗೆದು ಶುಚಿಗೊಳಿಸಿ ನಯ ಮಾಡುವವರು ಅಥವಾ ಆ ನೈರ್ಮಲ್ಯವನ್ನು ಕಲಿಸುವವರು ಎಂದು. ಡಾಕ್ಟರಿಗೊಂದು ನೋಂದಣಿ ಪುಸ್ತಕ, ಹೈಜಿನಿಸ್ಟ್‌ಗೊಂದು, ಕಟ್ಟಿಸುವ ಹಲ್ಲು ಮಾಡುವ ಮೆಕ್ಯಾನಿಕ್ಕಿಗೊಂದು. ಕಾಯಿದೆ ಬರೆದವರಿಗೆ ದೂರದೃಷ್ಟಿ ಇತ್ತು. ಪುಸ್ತಕದ ಎರಡನೆಯ ಭಾಗ ಮಾತ್ರ ತುಂಬಲೇ ಇಲ್ಲ. ಬದಲಿಗೆ ದಂತ ಕಾಲೇಜುಗಳು ತುಂಬಿದವು. ದೇಶದಲ್ಲಿ ಮುನ್ನೂರಕ್ಕೂ ಹೆಚ್ಚು, ನಮ್ಮ ಕರ್ನಾಟಕವೊಂದರಲ್ಲೇ ನಲವತ್ತಕ್ಕೂ ಹೆಚ್ಚು. ಪಟ್ಟಣದ ಒಂದೊಂದು ರಸ್ತೆಗೂ ಎರಡು ಬೋರ್ಡು. ಬಿಡಿಎಸ್ ಮುಗಿಸಿದ ಹುಡುಗ ಹುಡುಗಿಯರೇ ಕಡಿಮೆ ಸಂಬಳಕ್ಕೆ ದೊರೆಯುವಾಗ ಶುಚಿ ಮಾಡಲೆಂದೇ ಒಬ್ಬರನ್ನು ಯಾರು ಇಟ್ಟುಕೊಳ್ಳುತ್ತಾರೆ? ಹಳ್ಳಿಗೆ ಹೋದರೆ ಡಾಕ್ಟರೂ ಇಲ್ಲ, ಹೈಜಿನಿಸ್ಟೂ ಇಲ್ಲ, ಕಡ್ಡಿಪುಡಿ ಮಾತ್ರ ಇದೆ. ನಮ್ಮ ಸರ್ಕಾರ 2014 ರ ಸುಮಾರಿಗೆ ದಂತಭಾಗ್ಯ ಎಂಬ ಯೋಜನೆ ತಂದು ಬಡ ವೃದ್ಧರಿಗೆ ಉಚಿತವಾಗಿ ಹಲ್ಲುಸೆಟ್ಟು ಕಟ್ಟಿಸಿಕೊಟ್ಟಿತು. ಒಳ್ಳೆಯ ಕೆಲಸವೇ. ಆದರೆ ಬ್ರಿಜ್‌ಪೋರ್ಟಿನ ಹೆಂಗಸರು ಮಡಚುವ ಕುರ್ಚಿ ಹಿಡಿದು ಹೋದದ್ದು ಆರು ವರ್ಷದವರ ಬಳಿಗೆ. 2013 ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನಮ್ಮ ಶಾಲೆಗೂ ಬರುತ್ತದೆ. ಹುಳುಕು ಹಲ್ಲಿನ ಮಕ್ಕಳನ್ನು ಗುರುತಿಸಿ ಚೀಟಿ ಬರೆದುಕೊಡುತ್ತಾರೆ. ಕೂಲಿ ಬಿಟ್ಟು ತಾಲ್ಲೂಕು ಆಸ್ಪತ್ರೆಗೆ ಮಗುವನ್ನು ಕರೆದೊಯ್ಯುವ ತಾಯಂದಿರು ಎಷ್ಟು ಮಂದಿ? ಚೀಟಿ ಎಷ್ಟೋ ಸಲ ಬ್ಯಾಗಿನ ತಳದಲ್ಲೇ ಉಳಿದಿರುತ್ತದೆ.

ಕಳೆದ ವರ್ಷ ಇದನ್ನೆಲ್ಲ ಹತ್ತನೆಯ ತರಗತಿಯಲ್ಲಿ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಿಸ್, ಇಲ್ಲಿ ಅದನ್ನ ಓದಬಹುದಾ?” ಎಂದಳು. ಓದಬಹುದು. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು ಪಾಸಾಗಬೇಕು. ಆಮೇಲೆ ಮಾನ್ಯತೆಯಿರುವ ದಂತ ಕಾಲೇಜಿನಲ್ಲಿ ಎರಡು ವರ್ಷದ ಡಿಪ್ಲೊಮಾ. ಸೇರುವ ಮೊದಲು ಮಾನ್ಯತೆಯನ್ನು ಕಾಗದದಲ್ಲಿ ನೋಡಿಯೇ ಹಣ ಕಟ್ಟಬೇಕು. ಮುಗಿಸಿದ ಮೇಲೆ ರಾಜ್ಯದ ದಂತ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. 2023 ರಲ್ಲಿ ಹಳೆಯ ಕಾಯಿದೆಯ ಬದಲಿಗೆ ರಾಷ್ಟ್ರೀಯ ದಂತ ಆಯೋಗದ ಕಾಯಿದೆ ಪಾಸಾಗಿದೆ, ಆದ್ದರಿಂದ ಆ ವರ್ಷದ ನಿಯಮ ಏನಿದೆಯೆಂದು ಕೇಳಿ ತಿಳಿಯಬೇಕು. ಕೆಲಸ ದೊಡ್ಡ ಊರಿನ ಆಸ್ಪತ್ರೆಗಳಲ್ಲಿ, ದಂತ ಕಾಲೇಜುಗಳಲ್ಲಿ, ಸೈನ್ಯದ ಆಸ್ಪತ್ರೆಗಳಲ್ಲಿ ಉಂಟು. ರೈಲ್ವೆಯವರು 2019 ರಲ್ಲೂ 2024 ರಲ್ಲೂ ಅರೆವೈದ್ಯಕೀಯ ಹುದ್ದೆಗಳಿಗೆ ಅರ್ಜಿ ಕರೆದಾಗ ಪಟ್ಟಿಯಲ್ಲಿ ಡೆಂಟಲ್ ಹೈಜಿನಿಸ್ಟ್ ಎಂಬ ಹೆಸರಿತ್ತು, ಬೆರಳೆಣಿಕೆಯಷ್ಟು ಹುದ್ದೆಗಳು. ಇಷ್ಟನ್ನೂ ಅವಳಿಗೆ ಹೇಳಿದೆ, ಬೆರಳೆಣಿಕೆ ಎಂಬುದನ್ನೂ ಸೇರಿಸಿಯೇ. ಅವಳು ನೋಟ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು. ಹೈಜಿನಿಸ್ಟ್ ಎಂಬುದರ ಕಾಗುಣಿತವನ್ನು ಎರಡು ಸಲ ಕೇಳಿದಳು.